ಹುಸೇನ್ ಸಾಬರ ನಾಲ್ಕು ಹೆಜ್ಜೆ

ಕ್ಲಬ್ಬುಗಳಲ್ಲಿ ಮಾರ್ಕರ್ ಕೆಲಸಕ್ಕೆ ಸೇರುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಮಾಧಾನದಿಂದ ಬರೆಯಬೇಕೆಂದು ಎರಡು ಸಲ ಕೂತೆ, ಆಗಲಿಲ್ಲ. ನಾನು ಮೊದಲು ಕೆಲಸ ಮಾಡಿದ ಮಂಡ್ಯದ ಕ್ಲಬ್ಬಿನವರು ಮೊನ್ನೆ ಒಂದು ನೆನಪಿನ ಸಂಚಿಕೆ ಅಚ್ಚು ಹಾಕಿಸಿ ನನಗೂ ಒಂದು ಪ್ರತಿ ಕಳಿಸಿದ್ದಾರೆ. ಅದರಲ್ಲಿ ಒಂದು ಇಡೀ ಪುಟ ‘ದೊರೆಸ್ವಾಮಿಯವರ ಶೈಲಿ’ ಎಂಬ ತಲೆಬರಹದಲ್ಲಿದೆ. ಗುಂಡು ಉರುಳಿಸಿ ಗೂಟ ಬೀಳಿಸುವ ಆಟದ ನಾಲ್ಕು ಹೆಜ್ಜೆಯ ನಡಿಗೆ, ಮಣಿಕಟ್ಟಿನ ತಿರುವು, ಹಲಗೆಯ ಮೇಲೆ ಇಡುವ ಕಣ್ಣು, ಎಲ್ಲವೂ ಆಗಿನ ಸೆಕ್ರೆಟರಿ ದೊರೆಸ್ವಾಮಿಯವರ ಸ್ವಂತ ಶೋಧನೆಯಂತೆ. ಆ ನಾಲ್ಕು ಹೆಜ್ಜೆಗಳು ಯಾರವು ಎನ್ನುವುದನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದಿರುವವನು ನಾನೊಬ್ಬನೇ ಇರಬೇಕು.

ನನ್ನ ಹೆಸರು ಮರಿಯಪ್ಪ. ಊರು ಯಲಿಯೂರು. ಮಿಡ್ಲ್ ಸ್ಕೂಲು ಮುಗಿಸಿ, ಸ್ವಲ್ಪ ಇಂಗ್ಲಿಷ್ ಓದಿ ಬರೆಯಲು ಬರುತ್ತಿದ್ದುದರಿಂದ ಇಪ್ಪತ್ತೆರಡನೆಯ ವಯಸ್ಸಿಗೆ ಮಾರ್ಕರ್ ಆದೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮುಂಚೆ. ಮಾರ್ಕರ್ ಎಂದರೆ ಆಟದ ಅಂಕ ಬರೆಯುವವನು ಎಂದು ಹೇಳುತ್ತಾರೆ. ನಿಜದಲ್ಲಿ ನೆಲ ಒರೆಸುವವನು, ಚೆಂಡು ಹೆಕ್ಕುವವನು, ಸೋತ ದೊಡ್ಡ ಮನುಷ್ಯರಿಂದ ಬೈಸಿಕೊಳ್ಳುವವನು.

ಬಿಲಿಯರ್ಡ್ಸು, ಟೆನಿಸ್ಸು ಎಲ್ಲ ಕ್ಲಬ್ಬುಗಳಲ್ಲೂ ಇದ್ದವು. ನಮ್ಮಲ್ಲಿ ಮಾತ್ರ ಇನ್ನೊಂದು ಆಟವಿತ್ತು. ಸಕ್ಕರೆ ಕಾರ್ಖಾನೆಯ ಯಂತ್ರ ಜೋಡಿಸಲು ಬಂದಿದ್ದ ಅಮೆರಿಕದ ಇಂಜಿನಿಯರೊಬ್ಬ ಕ್ಲಬ್ಬಿನ ಹಿಂದಿನ ಉದ್ದನೆಯ ಶೆಡ್ಡಿನಲ್ಲಿ ತೇಗದ ಹಲಗೆಗಳನ್ನು ಒತ್ತಾಗಿ ಜೋಡಿಸಿ ಅರವತ್ತು ಅಡಿಯ ಒಂದು ಓಣಿ ಮಾಡಿಸಿದ್ದ. ಆ ತುದಿಯಲ್ಲಿ ಹತ್ತು ಮರದ ಗೂಟಗಳು. ಮುಂದೆ ಒಂದು, ಅದರ ಹಿಂದೆ ಎರಡು, ಆಮೇಲೆ ಮೂರು, ನಾಲ್ಕು, ಹೀಗೆ ತ್ರಿಕೋನವಾಗಿ ನಿಲ್ಲಿಸಬೇಕು. ಈ ತುದಿಯಿಂದ ಕುಂಬಳಕಾಯಿ ಗಾತ್ರದ ಭಾರವಾದ ಮರದ ಗುಂಡನ್ನು ಉರುಳಿಸಿ ಬೀಳಿಸಬೇಕು. ಒಂದು ಸರದಿಗೆ ಎರಡು ಗುಂಡು, ಒಂದು ಆಟಕ್ಕೆ ಹತ್ತು ಸರದಿ. ಗುಂಡಿಗೆ ಹೆಬ್ಬೆರಳಿಗೊಂದು, ನಡುಬೆರಳಿಗೊಂದು ತೂತು. ನಾವು ಕೆಲಸದವರು ಅದನ್ನು ಗೂಟದ ಆಟ ಎನ್ನುತ್ತಿದ್ದೆವು. ಆ ಇಂಜಿನಿಯರು ಯುದ್ಧ ಶುರುವಾದದ್ದೇ ಹಡಗು ಹತ್ತಿ ಹೋದ. ಓಣಿ ಉಳಿಯಿತು, ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು.

ನಮ್ಮ ಮೆಂಬರುಗಳ ಆಟ ಹೇಗಿತ್ತೆಂದರೆ, ದೂರದಿಂದ ಓಡಿಬಂದು ಗುಂಡನ್ನು ಧೊಪ್ಪನೆ ಎತ್ತಿಹಾಕುತ್ತಿದ್ದರು. ಹಲಗೆಗಳಲ್ಲಿ ಗುಳಿ ಬಿದ್ದವು. ವಿಲಾಯಿತಿ ಗೂಟಗಳು ಒಂದೊಂದಾಗಿ ಸೀಳಿದವು. ಯುದ್ಧದ ದೆಸೆಯಿಂದ ಹೊಸವು ಬರುವ ಹಾಗಿರಲಿಲ್ಲ. ಕ್ಲಬ್ಬಿನ ಸೆಕ್ರೆಟರಿ ದೊರೆಸ್ವಾಮಿ ಎಂಬ ವಕೀಲರು. ಅವರು ನನ್ನನ್ನು ಕರೆದು, ಎಲ್ಲಿಂದಲಾದರೂ ಮರ ತಿರುಗಿಸಿ ಕಡೆಯುವ ಒಬ್ಬ ಕಡಸಲಿನವನನ್ನು ಹುಡುಕಿ ತಾ ಎಂದರು. ಹಾಗೆ ನಾನು ರೈಲು ಹತ್ತಿ ಮದ್ದೂರಿಗೆ ಹೋದೆ.

ಮದ್ದೂರು ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಹುಸೇನ್ ಸಾಬರ ಕಡಸಲು ಇತ್ತು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಮನೆತನ. ಮದುವೆಯಾದ ಮೇಲೆ ಹೆಂಡತಿಯ ಊರಿಗೆ ಬಂದು ಮಂಚದ ಕಾಲು, ತೊಟ್ಟಿಲ ಗುಬ್ಬಿ ಕಡೆದು ಬದುಕುತ್ತಿದ್ದರು. ವಯಸ್ಸು ನಲವತ್ತರ ಹತ್ತಿರ, ಸಣಕಲು ಮೈ, ಮೊಣಕೈಯಿಂದ ಕೆಳಗೆ ಮಾತ್ರ ಯಾರೋ ಬೇರೆಯವರದನ್ನು ತಂದು ಜೋಡಿಸಿದಂಥ ಗಟ್ಟಿಯಾದ ಕೈ. ನಾನು ಮಾದರಿಗೆಂದು ಒಯ್ದಿದ್ದ ಒಡೆದ ಗೂಟವನ್ನು ತಿರುಗಿಸಿ ತಿರುಗಿಸಿ ನೋಡಿದರು. ಹೀಗೇ ಹತ್ತು ಮಾಡಿಕೊಡಿ ಎಂದೆ.

“ನಿಂತಿರೋದ ನೋಡಿ ಮಾಡಾಕಾಗಲ್ಲ ಕಣಪ್ಪ. ಇದು ಬೀಳೋ ಸಾಮಾನು. ಬೀಳೋದ ನೋಡ್ಬೇಕು,” ಎಂದರು.

ನನ್ನ ಜೊತೆಯಲ್ಲೇ ಬಂದು, ಕ್ಲಬ್ಬಿನ ಹಿಂಬಾಗಿಲಿನಿಂದ ಒಳಹೊಕ್ಕು, ಓಣಿಯ ಪಕ್ಕದ ಗೋಡೆಗೆ ಅಂಟಿಕೊಂಡು ಒಂದು ಮಧ್ಯಾಹ್ನವಿಡೀ ಗೂಟ ಬೀಳುವುದನ್ನು ನೋಡಿದರು. ಯಾರು ಗೆದ್ದರು, ಯಾರು ಸೋತರು ಎಂಬ ಕಡೆ ಅವರ ಗಮನವೇ ಇರಲಿಲ್ಲ.

ಮರ ಆರಿಸಲು ಇಬ್ಬರೂ, ಪೆಟ್ರೋಲು ಸಿಗದ ಕಾಲವಾದ್ದರಿಂದ, ಇದ್ದಿಲು ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ ಮಳವಳ್ಳಿಗೆ ಹೋದೆವು. ದಾರಿಯಲ್ಲಿ ಎರಡು ಕಡೆ ಇಳಿದು ತಳ್ಳಿದೆವು. ಅಲ್ಲಿ ಗಾಡಿಯ ಚಕ್ರ ಮಾಡುವ ಬಡಗಿಗಳ ಹಿತ್ತಿಲಲ್ಲಿ ಒಣಗಿದ ಜಾಲಿಯ ತುಂಡುಗಳ ರಾಶಿ. ಸಾಬರು ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು, ಕಿವಿಗೆ ಹಿಡಿದು, ಹತ್ತು ಗೂಟಕ್ಕೆ ಬೇಕಾದ ಮರ ಆರಿಸಲು ಅರ್ಧ ದಿನ ತೆಗೆದುಕೊಂಡರು.

ಮೊದಲ ಹತ್ತು ಗೂಟ ಬಂದಾಗ ಕ್ಲಬ್ಬಿನಲ್ಲಿ ಹಬ್ಬ. ಹಿಂದೆಂದೂ ಇಲ್ಲದ ಅಂಕ ಎಲ್ಲರಿಗೂ ಬಂತು. ದೊರೆಸ್ವಾಮಿಯವರಂತೂ ನನ್ನ ಬೆನ್ನು ತಟ್ಟಿದರು. ಮಾರನೆಯ ದಿನ ಸಾಬರು ಬಂದು ನೋಡಿ ಹತ್ತನ್ನೂ ಗೋಣಿಚೀಲಕ್ಕೆ ತುಂಬತೊಡಗಿದರು. ತಲೆ ಭಾರವಾಗಿವೆ, ಪಕ್ಕದಲ್ಲಿ ಗಾಳಿ ಬೀಸಿದರೂ ಬೀಳುತ್ತವೆ ಎಂದರು. ಎಲ್ಲರಿಗೂ ಸಂತೋಷವಾಗಿದೆ, ಇರಲಿ ಬಿಡಿ ಎಂದು ದೊರೆಸ್ವಾಮಿ ಹೇಳಿದರೂ ಕೇಳಲಿಲ್ಲ. “ಇವು ಸುಳ್ಳು ಗೂಟ ಸಾಮಿ. ನನ್ ಕೈಯಿಂದ ಬ್ಯಾಡ,” ಎಂದು ಚೀಲ ಹೊತ್ತು ಹೊರಟರು. ಮೂರು ವಾರದ ಮೇಲೆ ತಂದ ಎರಡನೆಯ ಹತ್ತು ಗೂಟಗಳು ಏಳು ವರ್ಷ ಬಾಳಿದವು.

ಆ ಗೂಟಗಳನ್ನು ಪರೀಕ್ಷಿಸಲು ಅವರೇ ಗುಂಡು ಉರುಳಿಸಬೇಕಾಯಿತು. ಬೆಳಗ್ಗೆ ಮೆಂಬರುಗಳು ಬರುವ ಮುಂಚೆ ಮೂರು ಗಂಟೆ ಕಾಲ ಓಣಿ ಖಾಲಿ ಇರುತ್ತಿತ್ತು. ಮೊದಲ ವಾರ ಎಲ್ಲರ ಹಾಗೆ ಅವರೂ ತಪ್ಪಿದರು. ಆಮೇಲೆ ತಪ್ಪುವುದು ನಿಂತಿತು. ಅಷ್ಟು ಹೊತ್ತಿಗೆ ಗೂಟದ ಪರೀಕ್ಷೆ ಮುಗಿದಿತ್ತು, ಆದರೆ ಅವರಿಗೆ ಆಟ ಹಿಡಿಸಿತ್ತು. ಭಾನುವಾರ ಭಾನುವಾರ ಮೊದಲ ರೈಲಿಗೆ ಬರತೊಡಗಿದರು.

ಅವರು ಆಡುತ್ತಿದ್ದ ರೀತಿಯನ್ನು ಇಲ್ಲಿ ಸರಿಯಾಗಿ ಬರೆದಿಡುತ್ತೇನೆ. ಬರಿಗಾಲು. ಗುಂಡನ್ನು ಎರಡೂ ಕೈಯಲ್ಲಿ ಹೊಟ್ಟೆಯ ಮಟ್ಟಕ್ಕೆ ಹಿಡಿದು ನಿಲ್ಲುವರು. ಬಲಗಾಲಿನ ಮೊದಲ ಹೆಜ್ಜೆಯ ಜೊತೆಗೇ ಗುಂಡನ್ನು ಮುಂದಕ್ಕೆ ಚಾಚುವರು. ಎರಡನೆಯದಕ್ಕೆ ಕೈ ಕೆಳಗಿಳಿಯುವುದು, ಮೂರನೆಯದಕ್ಕೆ ಹಿಂದಕ್ಕೆ ಹೋಗುವುದು, ನಾಲ್ಕನೆಯ ಹೆಜ್ಜೆಯಲ್ಲಿ ಎಡಗಾಲು ಜಾರಿಕೊಂಡು ಗೆರೆಯ ಹತ್ತಿರ ನಿಲ್ಲುವ ಹೊತ್ತಿಗೆ ಗುಂಡು ಹಲಗೆಯ ಮೇಲಿರುವುದು. ಸದ್ದಿಲ್ಲ. ಎಸೆಯುವ ಮಾತೇ ಇಲ್ಲ, ಇಳಿಸುವುದು. ಕಣ್ಣು ಗೂಟದ ಮೇಲಿರುತ್ತಿರಲಿಲ್ಲ. ಗೆರೆಯಿಂದ ಒಂದು ಎತ್ತಿನಗಾಡಿಯಷ್ಟು ದೂರದಲ್ಲಿ ಎರಡು ಹಲಗೆ ಸೇರುವ ಸಂದಿಯೊಂದನ್ನು ಗುರುತು ಮಾಡಿಕೊಂಡು ಅದನ್ನೇ ನೋಡುತ್ತಿದ್ದರು. ದೂರದ್ದನ್ನು ನೋಡಿದರೆ ಕೈಗೆ ಆಸೆ ಹುಟ್ಟುತ್ತದೆ ಎನ್ನುತ್ತಿದ್ದರು.

ಕೈಯಿಂದ ಬಿಡುವಾಗ ಹೆಬ್ಬೆರಳು ಮೊದಲು ಹೊರಬರಬೇಕು, ನಡುಬೆರಳು ಒಂದು ಚೂರು ತಡವಾಗಿ ಬಂದು ಗುಂಡನ್ನು ಸವರಿ ಮೇಲೆತ್ತಬೇಕು. ಕಡಸಲಿನಲ್ಲಿ ಮರದ ಮೇಲಿಂದ ಉಳಿಯನ್ನು ತೆಗೆಯುವ ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ಹೇಗೆ ಒಂದಿಷ್ಟು ಹೊರಳುತ್ತದೆಯೋ ಹಾಗೆ. ಆಗ ಗುಂಡು ನೆಟ್ಟಗೆ ಹೋಗಿ, ಮುಕ್ಕಾಲು ದಾರಿಯಲ್ಲಿ ಏನೋ ನೆನಪಾದಂತೆ ಎಡಕ್ಕೆ ಬಾಗಿ, ಮುಂದಿನ ಗೂಟದ ಬಲಭುಜಕ್ಕೆ ತಾಗಿ ಒಳನುಗ್ಗುತ್ತಿತ್ತು. ನೇರವಾಗಿ ಮುಖಕ್ಕೆ ಹೊಡೆದರೆ ಎರಡು ಪಕ್ಕದವು ಉಳಿಯುತ್ತವೆ. ಭುಜಕ್ಕೆ ತಾಗಿದರೆ ಗೂಟಗಳೇ ಒಂದನ್ನೊಂದು ಬೀಳಿಸಿಕೊಳ್ಳುತ್ತವೆ. ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಗಾಳಿಯಲ್ಲಿ ತೇವ ಹೆಚ್ಚಿ ಹಲಗೆ ಗುಂಡನ್ನು ಹಿಡಿಯುತ್ತಿತ್ತು, ಬಾಗು ಜಾಸ್ತಿಯಾಗುತ್ತಿತ್ತು. ಆಗ ಸಾಬರು ಕೈಯನ್ನು ಬದಲಾಯಿಸುತ್ತಿರಲಿಲ್ಲ, ನೋಡುವ ಸಂದಿಯನ್ನು ಹಾಗೇ ಇಟ್ಟುಕೊಂಡು ನಿಲ್ಲುವ ಜಾಗವನ್ನು ಎರಡು ಹಲಗೆ ಎಡಕ್ಕೆ ಸರಿಸುತ್ತಿದ್ದರು ಅಷ್ಟೆ. ಗುಂಡು ಅಷ್ಟು ಬಲಕ್ಕೆ ಹೋಗಿ ಬಾಗುತ್ತಿತ್ತು. ಈ ಒಂದು ಸಂಗತಿಯನ್ನು ಅರ್ಥಮಾಡಿಕೊಳ್ಳದೆ ವರ್ಷಗಟ್ಟಲೆ ಆಡಿದವರನ್ನು ನಾನು ನೋಡಿದ್ದೇನೆ.

ನನ್ನ ಅವಿವೇಕವನ್ನೂ ಹೇಳಬೇಕು. ಓಣಿಗೆ ಎಣ್ಣೆ ಸವರುವುದು ಮಾರ್ಕರನ ಕೆಲಸ. ಯಾರೋ ದೊಡ್ಡ ಅಧಿಕಾರಿ ಅತಿಥಿಯಾಗಿ ಬರುತ್ತಾರೆಂದು, ಹೊಳಪು ಚೆನ್ನಾಗಿ ಬರಲಿ ಎಂದು ನಾನು ಧಾರಾಳವಾಗಿ ಹರಳೆಣ್ಣೆ ಬಳಿದೆ. ಅತಿಥಿ ಉರುಳಿಸಿದ ಗುಂಡು ಅರ್ಧ ದಾರಿಗೆ ಹೋಗಿ, ಯೋಚಿಸಿ, ಅಲ್ಲೇ ನಿಂತುಕೊಂಡಿತು. ದೊರೆಸ್ವಾಮಿ ಎಲ್ಲರೆದುರಿಗೆ ನನ್ನನ್ನು ದನ ಎಂದರು. ಭಾನುವಾರ ಸಾಬರು ಬಂದು ನಗಲೂ ಇಲ್ಲ, ಬಯ್ಯಲೂ ಇಲ್ಲ. ಅಕ್ಕಿ ತೌಡು ಹಾಕಿ ಹಲಗೆಗಳನ್ನು ನನ್ನ ಜೊತೆ ಉಜ್ಜಿ ಉಜ್ಜಿ ಜಿಡ್ಡು ತೆಗೆದರು. ಆಮೇಲೆ ಬಟ್ಟೆಗೆ ನಾಲ್ಕೇ ಹನಿ ಕೊಬ್ಬರಿ ಎಣ್ಣೆ ಹಾಕಿ, ಕೈಯಲ್ಲಿ ಹಿಚುಕಿ, ಮರ ಎಣ್ಣೆಯನ್ನು ಕುಡಿಯುವ ಹಾಗೆ ಒರೆಸುವುದನ್ನು ತೋರಿಸಿದರು. ಮುಂದೆ ನಾನು ಯಾವ ಯಾವ ಊರಿನ ಕ್ಲಬ್ಬಿನಲ್ಲಿ ಕೆಲಸ ಮಾಡಿದೆನೋ ಅಲ್ಲೆಲ್ಲ ಅನ್ನ ಕೊಟ್ಟದ್ದು ಆ ಬಟ್ಟೆಯ ಒರೆಸು.

ದೊರೆಸ್ವಾಮಿಯವರಿಗೆ ಸಾಬರ ಆಟದ ಸುದ್ದಿ ಮುಟ್ಟಿ, ಒಂದು ಭಾನುವಾರ ಬೆಳಗ್ಗೆಯೇ ಬಂದು ನೋಡಿದರು. ಆ ದಿನದಿಂದ ಅವರೂ ಬರತೊಡಗಿದರು. ಒಂದು ಮಳೆಗಾಲ ಪೂರ್ತಿ ಸಾಬರು ಅವರಿಗೆ ಕಲಿಸಿದರು. ಮೊದಲ ಹದಿನೈದು ದಿನ ಗುಂಡೇ ಕೊಡಲಿಲ್ಲ, ಖಾಲಿ ಕೈಯಲ್ಲಿ ನಾಲ್ಕು ಹೆಜ್ಜೆ ನಡೆಸಿದರು. ವಕೀಲರು ವಿಧೇಯ ವಿದ್ಯಾರ್ಥಿಯಂತೆ ನಡೆದರು. ಆಗ ‘ಸಾಬರೇ, ಸಾಬರೇ’ ಎಂದು ಕರೆಯುತ್ತಿದ್ದ ಬಾಯಿ ಅದು. ಕಲಿತರು ಕೂಡ. ಅವರು ಕೆಟ್ಟ ಆಟಗಾರರಾಗಿರಲಿಲ್ಲ ಎಂದು ನಾನು ಒಪ್ಪುತ್ತೇನೆ. ಆದರೆ ಹತ್ತು ಗಂಟೆಗೆ ಬೇರೆ ಮೆಂಬರುಗಳ ಜಟಕಾ ಸದ್ದು ಕೇಳಿದರೆ ಸಾಬರಿಗೆ ಹಿಂಬಾಗಿಲು ತೋರಿಸುತ್ತಿದ್ದರು.

ಯುದ್ಧ ಮುಗಿಯುವುದಕ್ಕೆ ಒಂದು ವರ್ಷವಿರುವಾಗ ಬೆಂಗಳೂರಿನಿಂದ ಮಿಲಿಟರಿ ಆಫೀಸರುಗಳ ಒಂದು ತಂಡ ಪಂದ್ಯಕ್ಕೆ ಬಂತು. ಅವರ ಮುಖಂಡ ಒಬ್ಬ ಕ್ಯಾಪ್ಟನ್, ತನ್ನ ದೇಶದಲ್ಲಿ ಕಪ್ಪು ಗೆದ್ದವನಂತೆ. ಕೊನೆಯ ಆಟ ಅವನಿಗೂ ನಮ್ಮ ದೊರೆಸ್ವಾಮಿಗೂ ನಡೆಯಬೇಕಿತ್ತು. ಆ ಬೆಳಗ್ಗೆ ದೊರೆಸ್ವಾಮಿ ಜಟಕಾದಿಂದ ಇಳಿಯುವಾಗ ಬಿದ್ದು ಬಲಗೈ ಊದಿಸಿಕೊಂಡರು. ಕ್ಯಾಪ್ಟನ್ ಒಳ್ಳೆಯವನು. ನಿಮ್ಮ ಪರವಾಗಿ ಯಾರಾದರೂ ಆಡಲಿ, ಯಾರಾದರೂ ಸರಿ ಎಂದ. ಮೆಂಬರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತಾಡುವ ಅಧಿಕಾರವಿಲ್ಲದ ನಾನು ಬಾಯಿ ಬಿಟ್ಟೆ. ಗೂಟ ಒಡೆದರೆ ಬದಲಾಯಿಸಲು ಹುಸೇನ್ ಸಾಬರು ಬಂದಿದ್ದಾರೆ, ಹಿಂದೆ ಕೂತಿದ್ದಾರೆ, ಅವರು ಆಡಬಲ್ಲರು ಎಂದೆ.

ಸಾಬರು ಪಂಚೆಯನ್ನು ಮೇಲಕ್ಕೆ ಕಟ್ಟಿ ಬರಿಗಾಲಲ್ಲಿ ಬಂದು ನಿಂತಾಗ ಎರಡು ಮೂರು ಜನ ನಕ್ಕರು. ಐದನೆಯ ಸರದಿಯ ಹೊತ್ತಿಗೆ ಅವರೇ ಕುರ್ಚಿ ಬಿಟ್ಟೆದ್ದು ಓಣಿಯ ಪಕ್ಕಕ್ಕೆ ಬಂದು ನಿಂತಿದ್ದರು. ಕ್ಯಾಪ್ಟನ್ನನೂ ಸಾಮಾನ್ಯನಲ್ಲ, ಬಿಟ್ಟುಕೊಡಲಿಲ್ಲ. ಅವನ ಆಟ ಮುಗಿದಾಗ ಸಾಬರಿಗೆ ಒಂದೇ ಸರದಿ ಉಳಿದಿತ್ತು. ಮೊದಲ ಗುಂಡಿಗೆ ಎಂಟು ಬಿದ್ದವು. ನಡುವೆ ಒಂದು, ಎಡ ಹಿಂಮೂಲೆಯಲ್ಲಿ ಒಂದು ನಿಂತವು. ಎರಡಕ್ಕೂ ನಡುವೆ ಗುಂಡು ಹಾದುಹೋಗುವಷ್ಟು ಜಾಗ. ಒಂದೇ ಬಿದ್ದರೆ ಸೋಲು. ಎರಡೂ ಬಿದ್ದರೆ, ಕೊನೆಯ ಸರದಿಯಾದ್ದರಿಂದ, ಇನ್ನೊಂದು ಗುಂಡು ಸಿಗುತ್ತದೆ, ಅದರಲ್ಲಿ ಒಂದು ಗೂಟ ಬಿದ್ದರೂ ಗೆಲುವು.

ಸಾಬರು ಎಡಕ್ಕೆ ಮೂರು ಹಲಗೆ ಸರಿದು ನಿಂತರು. ಬಿರುಸಾಗಿ ಬಿಡುತ್ತಾರೆಂದು ನಾನು ಎಣಿಸಿದ್ದೆ. ಅವರು ಎಂದಿಗಿಂತ ನಿಧಾನವಾಗಿ ಇಳಿಸಿದರು. ಗುಂಡು ನಡುವಿನ ಗೂಟದ ಬಲ ಮಗ್ಗುಲನ್ನು ತೆಳ್ಳಗೆ ಸವರಿತು. ಗೂಟ ಹಾರಲಿಲ್ಲ. ನಿಂತ ಹಾಗೇ ಎಡಕ್ಕೆ ಜಾರುತ್ತ ಹೋಗಿ, ಸುಸ್ತಾದವನು ಗೋಡೆಗೆ ಒರಗುವಂತೆ ಮೂಲೆಯದಕ್ಕೆ ಒರಗಿ, ಎರಡೂ ಜೊತೆಯಲ್ಲಿ ಮಲಗಿದವು. ಮೂರನೆಯ ಗುಂಡಿಗೆ ಹತ್ತೂ ಬಿದ್ದವು. ಕ್ಯಾಪ್ಟನ್ ಬಂದು ಸಾಬರ ಕೈ ಕುಲುಕಿ ಹೆಸರು ಕೇಳಿದ.

ಆ ಹೆಸರನ್ನು ನಾನು ಬರೆಯಬೇಕಾಗಿತ್ತು. ಅಂಕದ ಪುಸ್ತಕ ನನ್ನ ಮುಂದೆ ತೆರೆದಿತ್ತು. ದೊರೆಸ್ವಾಮಿ ನನ್ನ ಹಿಂದೆ ಬಂದು ನಿಂತು, ಮೆಲ್ಲಗೆ, “ಪಂದ್ಯಕ್ಕೆ ಹೆಸರು ಕೊಟ್ಟವನು ನಾನು. ನನ್ನ ಹೆಸರೇ ಬರಿ. ಆಮೇಲೆ ಸರಿಮಾಡೋಣ,” ಎಂದರು.

ನಾನು ಬರೆದೆ. ಇದಕ್ಕೆ ನೆಪ ಹೇಳುವುದಿಲ್ಲ. ನನ್ನ ಮದುವೆ ಗೊತ್ತಾಗಿತ್ತು, ಕೆಲಸ ಬೇಕಿತ್ತು. ಅದೆಲ್ಲ ಎಲ್ಲರಿಗೂ ಇರುತ್ತದೆ. ನಾನು ಬರೆದೆ, ಮರಳು ಹಾಕಿ ಶಾಯಿ ಒಣಗಿಸಿದೆ.

ಎರಡು ತಿಂಗಳಾದ ಮೇಲೆ ಶೆಡ್ಡಿನ ಗೋಡೆಗೆ ಪಂದ್ಯ ಗೆದ್ದವರ ಹೆಸರಿನ ಕರಿಮರದ ದೊಡ್ಡ ಬೋರ್ಡು ಬಂತು, ಚಿನ್ನದ ಬಣ್ಣದ ಇಂಗ್ಲಿಷ್ ಅಕ್ಷರ. ಆ ಭಾನುವಾರ ಸಾಬರು ಅದರ ಕೆಳಗೆ ತುಂಬ ಹೊತ್ತು ನಿಂತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

“ಇದರಾಗೆ ಯಾರ ಹೆಸರೈತೆ, ಓದು ಮರಿಯಪ್ಪ,” ಎಂದರು.

ನಾನು ಬಟ್ಟೆ ಎತ್ತಿಕೊಂಡು ಹಲಗೆ ಒರೆಸತೊಡಗಿದೆ.

“ಓದು ಅಂದೆ.”

ಓದಿದೆ. ಅವರು ಇನ್ನೊಂದು ಸಲ ಓದಿಸಿದರು. ಆಮೇಲೆ ದೊರೆಸ್ವಾಮಿ ಬರುವ ತನಕ ಅಲ್ಲೇ ಕಾದು ಕೂತರು. ಬಂದವರೊಡನೆ ಜಗಳವಾಡಲಿಲ್ಲ. ಗೆದ್ದ ಕಪ್ಪು ನೀವೇ ಇಟ್ಟುಕೊಳ್ಳಿ, ಹೆಸರಿನ ಪಕ್ಕದಲ್ಲಿ ನನ್ನದೂ ಒಂದು ಹೆಸರು ಬರೆಸಿ ಎಂದು ಮಾತ್ರ ಕೇಳಿದರು. ದೊರೆಸ್ವಾಮಿ ಕೋಟಿನ ಗುಂಡಿ ಬಿಚ್ಚುತ್ತ, ಅವರ ಮುಖ ಕೂಡ ನೋಡದೆ, “ಗೂಟ ಮಾಡೋರ ಹೆಸರು ಬೋರ್ಡಿಗೆ ಹಾಕುವ ಪದ್ಧತಿ ಇಲ್ಲ,” ಎಂದರು. ಮುಂದಿನ ವಾರದಿಂದ ಹೊರಗಿನವರನ್ನು ಓಣಿಗೆ ಬಿಡಕೂಡದೆಂದು ನನಗೆ ಬರವಣಿಗೆಯಲ್ಲಿ ಆಜ್ಞೆ ಬಂತು. ಸಾಬರು ಮತ್ತೆ ಬರಲೂ ಇಲ್ಲ.

ಅವರು ಮದ್ದೂರಿನಲ್ಲಿ ತಮ್ಮ ಕಡಸಲಿನ ಹಿಂದೆ, ರೈಲ್ವೆ ಬೇಲಿಯ ಪಕ್ಕದ ಖಾಲಿ ಜಾಗದಲ್ಲಿ ತಾವೇ ಒಂದು ಓಣಿ ಮಾಡಿಕೊಂಡರು ಎಂದು ಆಮೇಲೆ ಕೇಳಿದೆ. ಹಲಗೆಗೆ ಗತಿಯಿಲ್ಲ. ಕೆಮ್ಮಣ್ಣು ಹಾಕಿ, ದಿಮ್ಮಸು ಹೊಡೆದು, ಸಗಣಿ ಸಾರಿಸಿದ ನೆಲ. ಹುಣಸೆ ಮರದ ಕೇಚಿನಿಂದ, ನಡುವಿನ ಗಟ್ಟಿ ತಿರುಳಿನಿಂದ, ಕಡೆದ ಗುಂಡು. ಸಂಜೆ ಜಟಕಾ ಹೊಡೆಯುವವರು, ಟೈಲರುಗಳು, ಬಸ್ಸು ರಿಪೇರಿ ಮಾಡುವವರು ಬಂದು ಆಡುತ್ತಿದ್ದರಂತೆ. ಯಾರೇ ಬಂದರೂ ಮೊದಲು ಹದಿನೈದು ದಿನ ಖಾಲಿ ಕೈಯ ನಡಿಗೆ.

ಸ್ವಾತಂತ್ರ್ಯ ಬಂದ ತಿಂಗಳಲ್ಲಿ ನಮ್ಮ ಕ್ಲಬ್ಬು ಒಂದು ದಿನದ ಮಟ್ಟಿಗೆ ಊರಿನವರಿಗೆಲ್ಲ ಮುಂಬಾಗಿಲು ತೆರೆಯಿತು. ಬಂದವರೆಲ್ಲ ಆಡಿ ನೋಡಬಹುದು ಎಂದು ಡಂಗುರ ಸಾರಿಸಿದ್ದರು. ಮಧ್ಯಾಹ್ನದ ರೈಲಿಗೆ ಮದ್ದೂರಿನಿಂದ ಹನ್ನೊಂದು ಜನ ಬಂದರು. ಸಾಬರು ಬಂದಿರಲಿಲ್ಲ. ಒಬ್ಬ ಜಟಕಾದವನು ಮೊದಲು ಗುಂಡೆತ್ತಿಕೊಂಡ. ಬರಿಗಾಲು, ನಾಲ್ಕು ಹೆಜ್ಜೆ, ಸದ್ದಿಲ್ಲ, ಕೊನೆಯಲ್ಲಿ ಮಣಿಕಟ್ಟಿನ ಆ ಹೊರಳು. ಹತ್ತೂ ಬಿದ್ದವು. ಅವನ ಹಿಂದೆ ಟೈಲರು, ಅವನ ಹಿಂದೆ ಇನ್ನೊಬ್ಬ. ಹನ್ನೊಂದು ಮೈಯಲ್ಲಿ ಒಬ್ಬರೇ ಮನುಷ್ಯ ನಡೆದು ಬಂದ ಹಾಗಿತ್ತು.

ಆಗ ದೊರೆಸ್ವಾಮಿ ಖಾದಿ ಟೋಪಿ ಸರಿಮಾಡಿಕೊಂಡು ಎಲ್ಲರೆದುರಿಗೆ ಬಂದು, ತಮ್ಮ ಆಟವನ್ನು ನೋಡಿ ನೋಡಿ ನಮ್ಮ ಜನ ಎಷ್ಟು ಚೆನ್ನಾಗಿ ಕಲಿತಿದ್ದಾರೆ, ಇದೇ ನಿಜವಾದ ಸ್ವರಾಜ್ಯ ಎಂದು ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಜಟಕಾದವನಿಗೆ ಪಾಪ, ಏನು ಹೇಳುತ್ತಿದ್ದಾರೆಂದೇ ತಿಳಿಯಲಿಲ್ಲ.

“ಸುಳ್ಳು,” ಎಂದೆ ನಾನು.

ಚಪ್ಪಾಳೆ ನಿಂತಿತು. ಇವರಿಗೆ ಕಲಿಸಿದ್ದು ಮದ್ದೂರಿನ ಹುಸೇನ್ ಸಾಬರು, ನಿಮಗೆ ಕಲಿಸಿದ್ದೂ ಅವರೇ, ಆ ಬೋರ್ಡಿನ ಮೇಲಿರುವ ಪಂದ್ಯ ಗೆದ್ದದ್ದೂ ಅವರೇ, ಪುಸ್ತಕದಲ್ಲಿ ಸುಳ್ಳು ಬರೆದವನು ನಾನು ಎಂದು ಎಲ್ಲವನ್ನೂ ಹೇಳಿದೆ. ಆ ಪಂದ್ಯವನ್ನು ಕಣ್ಣಾರೆ ನೋಡಿದ್ದ ಹತ್ತಾರು ಮೆಂಬರುಗಳು ಅಲ್ಲೇ ಇದ್ದರು. ಒಬ್ಬರಾದರೂ ಹೌದು ಎನ್ನಲಿಲ್ಲ. ಒಬ್ಬರು ಛತ್ರಿ ಹುಡುಕಿದರು. ಒಬ್ಬರು ಕಾಫಿ ಬಂತೇ ಎಂದು ಕೇಳಿದರು. ಅವರ ಮುಖಗಳು ನನಗೆ ಈಗಲೂ ಕಾಣುತ್ತವೆ. ದೊರೆಸ್ವಾಮಿಯ ಮೇಲಿನ ಸಿಟ್ಟಾದರೂ ಒಂದು ದಿನ ಆರೀತು, ಆ ಕಾಫಿಯವರ ಮೇಲಿನದು ಆರುವುದಿಲ್ಲ. ಅಂದು ಸಂಜೆಯೇ ನನ್ನ ಕೆಲಸ ಹೋಯಿತು.

ಮಾರನೆಯ ದಿನ ಮದ್ದೂರಿಗೆ ಹೋದೆ. ನಿಜ ಹೇಳಿಬಿಡುತ್ತೇನೆ, ಸಾಬರು ನನ್ನನ್ನು ತಬ್ಬಿಕೊಳ್ಳುತ್ತಾರೆ ಎಂದುಕೊಂಡು ಹೋಗಿದ್ದೆ. ಕಡಸಲು ತಿರುಗುತ್ತಿತ್ತು. ಜಟಕಾದವನು ಆಗಲೇ ಸುದ್ದಿ ಹೇಳಿದ್ದ. ಸಾಬರು ಕೈಯಲ್ಲಿದ್ದ ಮಂಚದ ಕಾಲನ್ನು ಮುಗಿಸಿಯೇ ತಲೆ ಎತ್ತಿದರು.

“ನಿನ್ನೆ ಎಲ್ರ ಮುಂದೆ ನಿಜ ಹೇಳ್ದ್ಯಂತೆ,” ಎಂದರು.

“ಹೂಂ ಸಾಬ್ರೇ. ಕೆಲ್ಸ ಓಯ್ತು.”

“ಅವನು ಕದ್ದ, ಸರಿ. ಕದಿಯೋನು ಕದೀತಾನೆ. ಬರಿಯೋನು ನೀನು ಕಣ್ಲಾ. ಲೇಖಣಿ ನಿನ್ ಕೈಯಾಗಿತ್ತು. ಅವತ್ತು ನಾನು ನಿನ್ ಮೊಕಾನೇ ನೋಡ್ತಾ ನಿಂತಿದ್ದೆ. ಮೂರು ವರ್ಸ ಆದ್ಮೇಲೆ ಬಂದು ಕೆಲ್ಸ ಓಯ್ತು ಅಂತೀಯಾ?”

ಅವರು ಎದ್ದು ಮೈಮೇಲಿನ ಮರದ ಪುಡಿ ಕೊಡವಿ ಹಿತ್ತಿಲಿನ ಕಡೆ ನಡೆದರು. ಹೊರಟುಹೋಗಬೇಕೋ ನಿಲ್ಲಬೇಕೋ ತಿಳಿಯದೆ ಬಾಗಿಲಲ್ಲೇ ನಿಂತಿದ್ದೆ. ಹಿತ್ತಿಲಿನಲ್ಲಿ ಟೈಲರೂ ಇನ್ನಿಬ್ಬರೂ ಆಟಕ್ಕೆ ಬಂದು ಕಾಯುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಸಾಬರ ದನಿ ಕೇಳಿತು.

“ಸುಮ್ನೆ ನಿಂತ್ಕೋಬ್ಯಾಡ. ಓಗಿ ಗೂಟ ನಿಲ್ಸು.”

ಕ್ಲಬ್ಬಿನಲ್ಲಿ ಅದು ಮಾರ್ಕರನಿಗಿಂತ ಕೆಳಗಿನವರ ಕೆಲಸ. ನಾನು ಅಂಗಿಯ ತೋಳು ಮಡಿಸಿ, ಆ ಮಣ್ಣಿನ ಓಣಿಯ ತುದಿಗೆ ಹೋಗಿ, ಮಂಡಿಯೂರಿ ಹತ್ತು ಗೂಟಗಳನ್ನೂ ನಿಲ್ಲಿಸಿದೆ. ಟೈಲರು ಬೀಳಿಸಿದ, ಮತ್ತೆ ನಿಲ್ಲಿಸಿದೆ. ಸಂಜೆಯ ತನಕ ನಿಲ್ಲಿಸಿದೆ. ಆಮೇಲೆ ಬೇರೆ ಕಡೆ ನೌಕರಿ ಸಿಕ್ಕಿ ಊರು ಬಿಡುವವರೆಗೆ ಪ್ರತಿ ಭಾನುವಾರ ಹೋಗಿ ನಿಲ್ಲಿಸಿದೆ. ಅವರು ನನ್ನನ್ನು ಕ್ಷಮಿಸಿದರೆಂದು ನಾನು ಹೇಳುವುದಿಲ್ಲ, ಹಾಗೆ ಅವರು ಎಂದೂ ಹೇಳಲಿಲ್ಲ. ಬರಬೇಡ ಎಂದೂ ಹೇಳಲಿಲ್ಲ.